ಎಂಜಿಬಿ ರೋಡ್‌ಸ್ಟರ್ (1970): ಮನೆ ಗ್ಯಾರೇಜಲ್ಲೇ ಸಿಲ್ ಕೊಯ್ಯೋಕೆ ಹೊರಟಿದ್ದೀನಿ, ಮೊದಲು ಏನು ಮಾಡ್ಬೇಕು?

ಕವೆಂಟ್ರಿ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಗಾಡಿ 1970ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ತೆರೆದ ಸ್ಪೋರ್ಟ್ಸ್ ಕಾರು. ಕ್ರೋಮ್ ಬಂಪರ್, 1798 ಸಿಸಿ ಐದು ಬೇರಿಂಗ್ ಎಂಜಿನ್, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ನಾಲ್ಕು ಗೇರ್, ಓವರ್‌ಡ್ರೈವ್ (ಹೈವೇಲಿ ಎಂಜಿನ್ ಸುತ್ತು ಇಳಿಸೋ ಹೆಚ್ಚುವರಿ ಗೇರ್) ಇಲ್ಲ. ಒಂದು ಕಾರು ಹಿಡಿಯುವಷ್ಟೇ ಗ್ಯಾರೇಜು. ಎಂಜಿನ್ ಓಡುತ್ತೆ, ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಪ್ರೆಶರ್ 20, ರಸ್ತೆ ಮೇಲೆ 60 ಪಿಎಸ್‌ಐ. ಆದ್ರೆ ಎರಡೂ ಕಡೆ ಸಿಲ್ (ಬಾಗಿಲ ಕೆಳಗೆ ಉದ್ದಕ್ಕೆ ಇರೋ ಭಾಗ) ತುಕ್ಕು, ಎಡಗಡೆ ಸ್ಕ್ರೂಡ್ರೈವರ್ ಒತ್ತಿದ್ರೆ ಒಳಗೆ ಹೋಗುತ್ತೆ.

ಪ್ರಶ್ನೆಗಳು: ಎಂಜಿನ್ ಇಳಿಸಿ ಸಿಲ್ ಮಾಡ್ಲಾ, ಇಟ್ಕೊಂಡೇ ಮಾಡ್ಲಾ? ಎಸ್‌ಯು ತೆಗೆದು ವೆಬರ್ ಕಾರ್ಬುರೇಟರ್ ಹಾಕೋದು ಒಳ್ಳೇದಾ? ಹೈವೇನಲ್ಲಿ ಎಂಜಿನ್ ಕಿರುಚುತ್ತೆ, ಐದನೇ ಗೇರ್‌ಗೆ ದಾರಿ ಏನು? ವೆಲ್ಡಿಂಗ್ ಬರುತ್ತೆ, ಮಿಗ್ ಮಷೀನ್ ಇದೆ.

ಜೆಸಿ_ರೋಡ್_ಜಾಣ:
ಹಳೇ ಸಿಲ್ ಮೇಲೇನೇ ಹೊಸ ಕವರ್ ಸಿಲ್ ಕೂರಿಸಿ ವೆಲ್ಡ್ ಹೊಡೀರಿ ಗುರು. ಒಂದು ಭಾನುವಾರದ ಕೆಲಸ.

ತುಕ್ಕು_ತಿಮ್ಮ:
ಮೇಲಿನ ಸಲಹೆ ದಯವಿಟ್ಟು ಕೇಳ್ಬೇಡಿ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಸಿಲ್ಲೇ ಚಾಸಿ. ಅದರಲ್ಲೂ ರೋಡ್‌ಸ್ಟರ್‌ಗೆ ಮೇಲೆ ಸೂರೂ ಇಲ್ಲ, ಮುಂದಿನ ಅರ್ಧ ಹಿಂದಿನ ಅರ್ಧ ಹಿಡ್ಕೊಂಡಿರೋದು ಆ ಎರಡು ಸಿಲ್ ಮತ್ತೆ ನಡುವಿನ ಟನಲ್ ಮಾತ್ರ. ಕವರ್ ಸಿಲ್ ಹಾಕಿದ್ರೆ ತುಕ್ಕು ಒಳಗೇ ಉಳಿಯುತ್ತೆ, ನೀರು ಎರಡು ತಗಡಿನ ಮಧ್ಯೆ ನಿಲ್ಲುತ್ತೆ, ಹೊರಗಿಂದ ನೋಡಿದ್ರೆ ಲಕಲಕ.

ಸಿಲ್ ಅಂದ್ರೆ ಒಂದು ತಗಡಲ್ಲ, ನಾಲ್ಕು ಭಾಗ. ಕಾಲಿಡೋ ಕಡೆ ಇನ್ನರ್ ಸಿಲ್. ಅದರ ಕೆಳಗೆ ಕೋಟೆ ತೆನೆ ಥರ ಹಲ್ಲು ಇರೋ ಕ್ಯಾಸಲ್ ರೈಲ್. ನಡುವೆ ನೇರಕ್ಕೆ ನಿಂತ ಮೆಂಬ್ರೇನ್. ಹೊರಗೆ ಕಾಣೋದು ಔಟರ್ ಸಿಲ್. ಹೊರಗಿನದು ತೂತಾಗಿದೆ ಅಂದ್ರೆ ಮೆಂಬ್ರೇನ್‌ನ ಕೆಳಗಿನ ಅರ್ಧ ಪುಡಿ ಆಗಿರುತ್ತೆ ಅಂತಲೇ ಲೆಕ್ಕ ಹಾಕಿ, ನಾಲ್ಕೂ ಭಾಗ ತರಿಸಿಟ್ಕೊಂಡೇ ಗ್ರೈಂಡರ್ ಮುಟ್ಟಿ.

ಕವೆಂಟ್ರಿ_ಕನ್ನಡಿಗ:
ಮುಂದೆ ಹಿಂದೆ ಸಿಲ್ ಎಲ್ಲಿ ಮುಗಿಯುತ್ತೆ ಅಂತ ಕಾಣ್ತಾನೇ ಇಲ್ಲ.

ತುಕ್ಕು_ತಿಮ್ಮ:
ಕಾಣಲ್ಲ, ಅಲ್ಲೇ ಮೋಸ. ಮುಂದಿನ ತುದಿ ಮಡ್‌ಗಾರ್ಡ್ ಒಳಗಿದೆ. ಪುಣ್ಯಕ್ಕೆ ಮುಂದಿನ ಮಡ್‌ಗಾರ್ಡ್ ಬೋಲ್ಟ್ ಮೇಲೆ ಕೂತಿದೆ, ಬೆಸುಗೆ ಅಲ್ಲ. ಬೋಲ್ಟ್‌ಗಳಿಗೆ ಎರಡು ದಿನ ಮೊದಲೇ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಹಿಂದಿನ ಮಡ್‌ಗಾರ್ಡ್ ಮಾತ್ರ ಬೆಸುಗೆ. ಬಾಗಿಲ ಹಿಂದಿನ ಕೆಳಮೂಲೆ ಒಂದು ತುಂಡು ಕತ್ತರಿಸಿದ್ರೇನೇ ಸಿಲ್‌ನ ಹಿಂದಿನ ತುದಿ ಸಿಗೋದು. ಆ ಕೆಳಮೂಲೆಯ ರಿಪೇರಿ ತುಂಡು ಬೇರೆಯಾಗೇ ಸಿಗುತ್ತೆ. ಅದನ್ನ ಕತ್ತರಿಸದೆ ಸಿಲ್ ಹಾಕಿದೀನಿ ಅಂತ ಯಾರಾದ್ರೂ ಅಂದ್ರೆ ಆ ಸಿಲ್ ಹಿಂದೆ ಯಾವುದಕ್ಕೂ ಅಂಟಿಲ್ಲ ಅಂತ ತಿಳ್ಕೊಳ್ಳಿ.

ಹುಬ್ಳಿ_ಸ್ಪ್ಯಾನರ್:
ಎಂಜಿನ್ ಇಳಿಸಬ್ಯಾಡ್ರಿ. ಗಾಡಿ ತನ್ನ ಭಾರದಾಗ ಹೆಂಗ ನಿಂತಿರತೈತಿ ಹಂಗ ಇಟ್ಟು ಬೆಸಿಗಿ ಹಾಕ್ಬೇಕು. ಎಂಜಿನ್ ತಗದ್ರ ಮೂತಿ ಮ್ಯಾಲೆ ಏಳತೈತಿ, ಆಮ್ಯಾಲೆ ಎಂಜಿನ್ ಕೂಡ್ರಿಸಿದ್ರ ಬಾಗಿಲಾ ಹತ್ತಂಗಿಲ್ಲ.

ಕುಡ್ಲ_ಗ್ಯಾರೇಜ್:
ಅದು ಅರ್ಧ ಸತ್ಯ ಮಾರಾಯ್ರೆ. ಭಾರ ಇದೆಯೋ ಇಲ್ಲವೋ ಎಂಬುದಕ್ಕಿಂತ ಸ್ಟ್ಯಾಂಡ್ ಎಲ್ಲಿ ಕೊಟ್ಟಿದ್ದೀರಿ ಎಂಬುದು ಮುಖ್ಯ. ಮುಂದೆ ಕ್ರಾಸ್‌ಮೆಂಬರ್ ಕೆಳಗೆ, ಹಿಂದೆ ಆಕ್ಸಲ್ ಕೆಳಗೆ. ಚಕ್ರ ಎಲ್ಲಿ ಭಾರ ಹೊರುತ್ತದೋ ಅಲ್ಲಿಯೇ ಸ್ಟ್ಯಾಂಡ್ ಹೊರಬೇಕು. ಸಿಲ್‌ನ ಜಾಕಿ ಪಾಯಿಂಟ್ ಕೆಳಗೆ ಕೊಟ್ಟರೆ ಕತ್ತರಿಸುವ ಜಾಗದ ಮೇಲೆಯೇ ಗಾಡಿ ಕೂತ ಹಾಗೆ. ಇದು ಸರಿಯಿದ್ದು ಬಾಗಿಲಿನ ಚೌಕಟ್ಟಿಗೆ ಬ್ರೇಸ್ ಕೊಟ್ಟರೆ ಎಂಜಿನ್ ಇಳಿಸಿಯೂ ಮಾಡಬಹುದು. ಹೇಗೂ ಕ್ಲಚ್ ಹಾಕಬೇಕಾದರೆ ಎಂಜಿನ್ ಹೊರಗೆ ಬರಲೇಬೇಕು, ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಂದ ಇಳಿಸಲು ಆಗುವುದಿಲ್ಲ.

ಹುಬ್ಳಿ_ಸ್ಪ್ಯಾನರ್:
ಬ್ರೇಸ್ ಸರಿ ಐತ್ರಿ. ಆದ್ರ ನೆಲ ಸಮ ಇರ್ಬೇಕಲ್ಲ, ಮನಿ ಗ್ಯಾರೇಜಿನ ನೆಲ ನೀರು ಹರೀಲಿ ಅಂತ ಇಳಿಜಾರು ಇರತೈತಿ. ನಾಲ್ಕೂ ಸ್ಟ್ಯಾಂಡ್ ಕೆಳಗ ಲೆವೆಲ್ ಹಿಡದು ತಗಡಿನ ಪ್ಯಾಕಿಂಗ್ ಕೊಡ್ರಿ.

ತುಕ್ಕು_ತಿಮ್ಮ:
ಬ್ರೇಸ್‌ಗೆ 25 ಮಿಮೀ ಚೌಕ ಪೈಪ್ ಸಾಕು. ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಅಡ್ಡ ಒಂದು, ಓರೆಗೆ ಇನ್ನೊಂದು. ಒಂದು ಪೈಪ್‌ನ ತುದೀಲಿ ಉದ್ದ ಥ್ರೆಡ್ ರಾಡ್ ಮತ್ತು ನಟ್ ಇಡಿ, ಮಿಲಿಮೀಟರ್ ಲೆಕ್ಕದಲ್ಲಿ ತಳ್ಳೋಕೂ ಎಳೆಯೋಕೂ ಬರುತ್ತೆ. ನಡು ಜಗ್ಗಿದ ರೋಡ್‌ಸ್ಟರ್‌ನಲ್ಲಿ ಬಾಗಿಲ ಹಿಂದಿನ ಸಂದು ಮೇಲ್ಗಡೆ ಕಿರಿದಾಗಿ ಕೆಳಗಡೆ ಅಗಲ ಆಗುತ್ತೆ. ಕತ್ತರಿಸೋ ಮೊದಲೇ ಅದನ್ನ ಅಳೆದು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಫೋನಲ್ಲಿ ಬರೆದ್ರೆ ಕೈತುಂಬ ಗ್ರೀಸ್ ಇದ್ದಾಗ ಯಾರೂ ತೆಗೆದು ನೋಡಲ್ಲ.

ಒಂದು ಸಲಕ್ಕೆ ಒಂದೇ ಕಡೆ. ಒಂದೇ ಕಡೆಯಲ್ಲೂ ಒಂದು ಪದರ ಹಾಕಿ, ಬಾಗಿಲು ತೂಗಿ ನೋಡಿ, ಆಮೇಲೆ ಮುಂದಿನ ಪದರ. ಮೊದಲು ಇನ್ನರ್ ಮತ್ತು ಕ್ಯಾಸಲ್ ರೈಲ್, ಆಮೇಲೆ ಮೆಂಬ್ರೇನ್, ಕೊನೆಗೆ ಔಟರ್. ಮೆಂಬ್ರೇನ್ ಮುಚ್ಚೋ ಮುಂಚೆ ಜೋಡಣೆ ಅಂಚಿಗೆಲ್ಲ ಸತುವಿನ ವೆಲ್ಡ್‌ಥ್ರೂ ಪ್ರೈಮರ್.

ಒಹಾಯೋ_ರಬ್ಬರ್_ಬಂಪರ್:
ವೆಲ್ಡಿಂಗ್ ಬಗ್ಗೆ ಸ್ವಲ್ಪ. ತಗಡು 1 ಮಿಮೀ ಆಸುಪಾಸು, 0.6 ಮಿಮೀ ತಂತಿ, ಆರ್ಗಾನ್ ಮತ್ತು 5% ಇಂಗಾಲದ ಡೈಆಕ್ಸೈಡ್ ಮಿಶ್ರಣ. ಬರೀ ಇಂಗಾಲದ ಡೈಆಕ್ಸೈಡ್‌ನಲ್ಲೂ ಆಗುತ್ತೆ, ಆದ್ರೆ ತೆಳು ತಗಡು ಬೇಗ ತೂತು ಬೀಳುತ್ತೆ, ಸಿಡಿತ ಜಾಸ್ತಿ. ಕಾರ್ಖಾನೇಲಿ ಸ್ಪಾಟ್ ವೆಲ್ಡ್ ಇದ್ದ ಕಡೆ ಮೇಲಿನ ತಗಡಿಗೆ 6 ಮಿಮೀ ತೂತು ಹೊಡೆದು ಪ್ಲಗ್ ವೆಲ್ಡ್ ಮಾಡಿ. ಹಳೇ ಸ್ಪಾಟ್ ಬಿಡಿಸೋಕೆ 8 ಮಿಮೀ ಸ್ಪಾಟ್ ಡ್ರಿಲ್, ಒಂದೇ ಪದರ ಮಾತ್ರ ಕೊರೆಯೋ ಹಾಗೆ. ಉದ್ದ ಬೆಸುಗೆ ಒಂದೇ ಎಳೆತದಲ್ಲಿ ಎಳೀಬೇಡಿ. 20–25 ಮಿಮೀ ಹಾಕಿ, ಒಂದಡಿ ಆಚೆ ಹೋಗಿ ಇನ್ನೊಂದು.

ಪೆಟ್ರೋಲ್ ಟ್ಯಾಂಕ್ ಡಿಕ್ಕಿ ನೆಲದ ಕೆಳಗಿದೆ. ಹಿಂದಿನ ಭಾಗ ವೆಲ್ಡ್ ಮಾಡೋ ಮೊದಲು ಖಾಲಿ ಮಾಡಿದ್ರೆ ಸಾಲದು, ಇಳಿಸಿ ಹೊರಗೆ ಒಯ್ದಿಡಿ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಎರಡನ್ನೂ ಬಿಚ್ಚಿ.

ಜೆಸಿ_ರೋಡ್_ಜಾಣ:
ಇಷ್ಟೆಲ್ಲ ಮಾಡೋ ಬದಲು ಹೊಸ ಬಾಡಿನೇ ಸಿಗುತ್ತಂತಲ್ಲ?

ತುಕ್ಕು_ತಿಮ್ಮ:
ಸಿಗ್ತಿತ್ತು, ಸರಿಯಾಗೇ ಕೇಳಿದ್ರಿ. ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಲ್ಲಿ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಪೂರ್ತಿ ಬಾಡಿಶೆಲ್ ತರೋಕೆ ಶುರು ಮಾಡಿದ್ರು. ಆದ್ರೆ ಹೊಸ ಶೆಲ್ ಅಂದ್ರೆ ಕೊನೇ ವೈರಿನವರೆಗೂ ಎಲ್ಲ ಬಿಚ್ಚಿ ಮತ್ತೆ ಜೋಡಿಸ್ಬೇಕು. ಬರೀ ಸಿಲ್ ಹೋಗಿರೋ ಗಾಡಿಗೆ ಅದು ನೆಗಡಿಗೆ ಮೂಗು ಕುಯ್ದ ಹಾಗೆ.

ಅಂಬಿ_1489:
ವೆಬರ್ ಪ್ರಶ್ನೆಗೆ ಯಾರೂ ಬರಲಿಲ್ಲ. ಇದು ನಮ್ಮ ಅಂಬಾಸಿಡರ್ ವಂಶದ ಎಂಜಿನ್ ಸ್ವಾಮಿ, ಬಿಎಂಸಿ ಬಿ ಸೀರೀಸ್. ಅಂಬಿಯ 1489 ಸಿಸಿಗೂ ಎಂಜಿಬಿಯ 1798 ಸಿಸಿಗೂ ಸ್ಟ್ರೋಕ್ ಒಂದೇ, 88.9 ಮಿಮೀ. ಬೋರ್ ಬೇರೆ: 73 ಮತ್ತು 80.26. ಜೆ.ಸಿ. ರಸ್ತೆ ಕಡೆ ಹಳೇ ಮೆಕ್ಯಾನಿಕ್‌ಗಳಿಗೆ ಎಂಜಿಬಿ ಬಾನೆಟ್ ತೆಗೆದು ತೋರಿಸಿದ್ರೆ ಹೆಸರು ಕೇಳದೇ ಟ್ಯಾಪೆಟ್ (ವಾಲ್ವ್ ಸಂದು) ಸೆಟ್ ಮಾಡಿಬಿಡ್ತಾರೆ. (ಸಂದು 0.015 ಇಂಚು, ಹೊಂದಿಸೋ ಸೂತ್ರವೂ ಅದೇ: ಒಂದನೇ ವಾಲ್ವ್ ಅಳೀಬೇಕಾದ್ರೆ ಎಂಟನೇದು ಪೂರ್ತಿ ಒತ್ತಿರ್ಬೇಕು, ಎರಡನೇದಕ್ಕೆ ಏಳನೇದು, ಎರಡರ ಮೊತ್ತ ಯಾವಾಗಲೂ ಒಂಬತ್ತು.)

ಈ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಇನ್ಲೆಟ್ ಬಾಯಿ ಎರಡೇ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ 1-3-4-2, ಹಾಗಾಗಿ ಒಂದೇ ಬಾಯಿ ಹಂಚಿಕೊಂಡ ಜೋಡಿ ಒಬ್ಬರ ಹಿಂದೆ ಒಬ್ಬರು ಎಳೀತಾರೆ, ಒಬ್ಬರ ಪಾಲು ಇನ್ನೊಬ್ಬರು ಕಸೀತಾರೆ. ವೆಬರ್‌ನ ಲಾಭ ಇರೋದು ಸಿಲಿಂಡರ್‌ಗೊಂದು ಬಾಯಿ ಇದ್ದಾಗ. ಇಲ್ಲಿ ಸಿಗೋದು ಒಳ್ಳೆ ಸದ್ದು.

ಸೈಡ್‌ಡ್ರಾಫ್ಟ್_ಸೀನ:
ಒಪ್ಪಲ್ಲ. 45 ಡಿಸಿಓಇ ವೆಬರ್ ಒಂದೇ ಹಾಕಿ ಕ್ಯಾಮ್ ಬದಲಾಯಿಸಿದ್ರೆ ಮೇಲಿನ ಆರ್‌ಪಿಎಂನಲ್ಲಿ ಎಳೆತ ಬೇರೇನೇ ಇರುತ್ತೆ. ರೇಸ್ ಗಾಡಿಗಳಲ್ಲಿ ಸುಮ್ನೆ ಹಾಕ್ತಾರಾ?

ಅಂಬಿ_1489:
ರೇಸ್ ಗಾಡಿ 5000ದ ಮೇಲೇ ಬದುಕುತ್ತೆ ಸೀನಣ್ಣ. ಇವರು ಕವೆಂಟ್ರಿಯ ರೌಂಡ್‌ಅಬೌಟ್‌ಗಳಲ್ಲಿ ಎರಡನೇ ಗೇರ್‌ನಲ್ಲಿ ತಿರುಗಬೇಕು. ನೀವೇ ಹೇಳಿದ ಹಾಗೆ ಕ್ಯಾಮ್ ಬೇಕು, ಹೆಡ್ ಕೆಲಸ ಬೇಕು, ಚೋಕ್ ಮತ್ತು ಜೆಟ್ ಹೊಂದಿಸೋಕೆ ರೋಲಿಂಗ್ ರೋಡ್ (ರೋಲರ್ ಮೇಲೆ ಗಾಡಿ ಓಡಿಸಿ ಅಳೆಯೋ ಯಂತ್ರ) ಬೇಕು. ಅದೇ ದುಡ್ಡಲ್ಲಿ ಮೊದಲು ಹೆಡ್ ಪೋರ್ಟಿಂಗ್ ಮಾಡಿಸಿದ್ರೆ ಎಸ್‌ಯು ಇಟ್ಕೊಂಡೇ ಲಾಭ ಸಿಗುತ್ತೆ.

ಸೈಡ್‌ಡ್ರಾಫ್ಟ್_ಸೀನ:
ಹೆಡ್ ಮೊದಲು ಅನ್ನೋದು ಸರಿ. ಸದ್ದಿನ ಬಗ್ಗೆ ಹೇಳಿದ್ದೂ ಸರಿ 😄

ಕವೆಂಟ್ರಿ_ಕನ್ನಡಿಗ:
ಸರಿ, ಎಸ್‌ಯು ಇಟ್ಕೊಳ್ತೀನಿ. ಆದ್ರೆ ಐಡಲ್ ಒಂದೇ ಸಮ ನಿಲ್ಲಲ್ಲ, ಎಷ್ಟು ಟ್ಯೂನ್ ಮಾಡಿದ್ರೂ ಏರಿಳಿತ.

ಅಂಬಿ_1489:
ಟ್ಯೂನ್ ಮಾಡೋದು ನಿಲ್ಲಿಸಿ, ಥ್ರಾಟಲ್ ಸ್ಪಿಂಡಲ್ ಹಿಡಿದು ಅಲ್ಲಾಡಿಸಿ. 50 ವರ್ಷ ದಾಟಿದ ಎಚ್‌ಎಸ್4ನಲ್ಲಿ ಸ್ಪಿಂಡಲ್ ತೂತು ಸವೆದು ಗಾಳಿ ಎಳೆಯೋದೇ ಹೆಚ್ಚು. ಐಡಲ್‌ನಲ್ಲಿದ್ದಾಗ ಸ್ಪಿಂಡಲ್ ತುದಿಗೆ ಸ್ವಲ್ಪ ಎಣ್ಣೆ ಬಿಡಿ. ಐಡಲ್ ಬದಲಾದ್ರೆ ಅದೇ ರೋಗ. ಬರೀ ಹೊಸ ಸ್ಪಿಂಡಲ್ ಹಾಕಿದ್ರೆ ಸಾಲದು, ಬಾಡಿಯನ್ನ ರೀಮ್ ಮಾಡಿ ಬುಷ್ ಕೂರಿಸ್ಬೇಕು, ಇದು ಲೇತ್ ಅಂಗಡಿ ಕೆಲಸ.

ಆಮೇಲೆ ಕ್ರಮವಾಗಿ: ಪಿಸ್ಟನ್ ಎತ್ತಿ ಬಿಟ್ರೆ ಬ್ರಿಡ್ಜ್ ಮೇಲೆ ಟಕ್ ಅಂತ ಲೋಹದ ಸದ್ದು ಬರ್ಬೇಕು, ಬರದಿದ್ರೆ ಜೆಟ್ ಸೆಂಟರ್ ಇಲ್ಲ. ಸೂಜಿಯ ಭುಜ ಪಿಸ್ಟನ್ ಮುಖಕ್ಕೆ ಸಮ. ಜೆಟ್ ಬ್ರಿಡ್ಜ್‌ಗೆ ಸಮ ತಂದು ಅಲ್ಲಿಂದ 12 ಫ್ಲ್ಯಾಟ್, ಅಂದ್ರೆ ಎರಡು ಪೂರ್ತಿ ಸುತ್ತು ಕೆಳಗೆ. ಎರಡೂ ಕಾರ್ಬುರೇಟರ್‌ನ ಗಾಳಿ ಸಮ ಮಾಡಿ. ಕೊನೆಗೆ ಎತ್ತೋ ಪಿನ್‌ನಿಂದ ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ಕಮ್ಮಿ ಎತ್ತಿ: ಆರ್‌ಪಿಎಂ ಏರಿ ಅಲ್ಲೇ ನಿಂತ್ರೆ ಪೆಟ್ರೋಲ್ ಜಾಸ್ತಿ, ತಕ್ಷಣ ಬಿದ್ರೆ ಕಮ್ಮಿ, ಒಂಚೂರು ಏರಿ ಮತ್ತೆ ಇಳಿದ್ರೆ ಸರಿ. ಎರಡು ಕಾರ್ಬುರೇಟರ್‌ನ ಪಿಸ್ಟನ್ ಮತ್ತು ಮೇಲಿನ ಟೋಪಿ ಅದಲುಬದಲು ಆಗ್ಬಾರದು, ಜೋಡಿ ನೋಡಿ ಮಾಡಿರ್ತಾರೆ.

ವೈರಿಂಗ್_ವನಜಾ:
ಕಾರ್ಬುರೇಟರ್ ರೋಗ ಅಂದುಕೊಂಡದ್ದರಲ್ಲಿ ಅರ್ಧ ಇಗ್ನಿಷನ್ ರೋಗ. ಮೊದಲು ಪಾಯಿಂಟ್ ಸಂದು 0.015 ಇಂಚು ಇದೆಯಾ ನೋಡಿ, ಪ್ಲಗ್ 0.025. ಡಿಸ್ಟ್ರಿಬ್ಯೂಟರ್ 25ಡಿ4 ಇರಬೇಕು. ಈಗ ಮಾರುಕಟ್ಟೆಯಲ್ಲಿ ಸಿಗೋ ಕೆಲವು ರೋಟರ್‌ಗಳಲ್ಲಿ ಹಿತ್ತಾಳೆ ತುಂಡು ಹಿಡಿಯೋ ರಿವೆಟ್ ತುಂಬಾ ಒಳಗಿದ್ದು ಕಿಡಿ ಶಾಫ್ಟ್‌ಗೇ ಹಾರುತ್ತೆ. ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತೆ. ರಿವೆಟ್ ಇಲ್ಲದ ಕೆಂಪು ರೋಟರ್ ಹಾಕಿ. ಕಂಡೆನ್ಸರ್‌ದೂ ಇದೇ ಗೋಳು. ಹೊಸದು ಹಾಕಿದ್ರೂ ಹಳೇದು ಬಿಸಾಕಬೇಡಿ.

ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕೋದಾದ್ರೆ ನಿಮ್ಮದು ನೆಗೆಟಿವ್ ಅರ್ತ್, ತೊಂದರೆ ಇಲ್ಲ. 1967ರ ಕೊನೆಗೆ ಮುಂಚಿನವು ಪಾಸಿಟಿವ್ ಅರ್ತ್, ಅದಕ್ಕೆ ಬೇರೆ ಮಾಡ್ಯೂಲ್. ಕಾಯಿಲ್ 3 ಓಮ್‌ದೇ ಇರಲಿ. ಕಮ್ಮಿ ಓಮ್‌ನ ಬ್ಯಾಲಾಸ್ಟ್ ಕಾಯಿಲ್ ಹಾಕಿದ್ರೆ ಮಾಡ್ಯೂಲ್ ಸುಡುತ್ತೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ಓಡಿಸದೆ ಬಿಟ್ಟು ಹೋದ್ರೂ ಸುಡುವ ಮಾಡ್ಯೂಲ್‌ಗಳಿವೆ.

ಇನ್ನೊಂದು, ಹೆಡ್‌ಲೈಟ್‌ಗೆ ರಿಲೇ ಇಲ್ಲ ಈ ಗಾಡೀಲಿ. ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹರಿಯುತ್ತೆ. ಹ್ಯಾಲೊಜನ್ ಹಾಕೋ ಮೊದಲು ಡಿಪ್‌ಗೊಂದು ಬ್ರೈಟ್‌ಗೊಂದು ರಿಲೇ, ಒಂದೊಂದಕ್ಕೂ ಬೇರೆ ಫ್ಯೂಸ್.

ಕವೆಂಟ್ರಿ_ಕನ್ನಡಿಗ:
ವನಜಾ ಅವರೇ, ಸೀಟಿನ ಹಿಂದೆ 6 ವೋಲ್ಟ್‌ನ ಎರಡು ಬ್ಯಾಟರಿ ಇವೆ. ಒಂದೇ 12 ವೋಲ್ಟ್ ಮಾಡಬಹುದಾ?

ವೈರಿಂಗ್_ವನಜಾ:
ಆಗುತ್ತೆ. ಒಂದು ಪೆಟ್ಟಿಗೆಯಲ್ಲಿ ಹಿಡಿಸೋ ಸಣ್ಣ 12 ವೋಲ್ಟ್ ಬ್ಯಾಟರಿ ತಗೊಂಡು, ಎರಡರ ನಡುವಿನ ಜೋಡಣೆ ಕೇಬಲ್ ತೆಗೆದುಹಾಕಿ. ಕೆಳಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿರುತ್ತೆ, ಕ್ಲಾಂಪ್ ಗಟ್ಟಿ ಇರಲಿ. ಆ ಪೆಟ್ಟಿಗೆಗಳ ತಳ ಆಸಿಡ್‌ಗೆ ತಿಂದು ಹೋಗಿರುತ್ತೆ, ಸಿಲ್ ಜೊತೆಗೆ ಅದನ್ನೂ ವೆಲ್ಡ್ ಮಾಡಿ ಮುಗಿಸಿ.

ಎರಡು_ಸ್ಟ್ರೋಕ್:
ಟ್ಯಾಂಕ್ ಇಳಿಸಿದ ಮೇಲೆ ಒಳಗಿನ ತುಕ್ಕು ತೆಗೆಯೋಕೆ ಜಾವಾ ಟ್ಯಾಂಕಿಗೆ ಮೈಸೂರಲ್ಲಿ ಮಾಡೋ ಉಪಾಯ ನಡೆಯುತ್ತೆ. ಟ್ಯಾಂಕ್ ಬಿಸಿನೀರು ಸೋಪಲ್ಲಿ ತೊಳೆದು, ಪೆಟ್ರೋಲ್ ವಾಸನೆ ಪೂರ್ತಿ ಹೋದ ಮೇಲೆ ನೀರು ತುಂಬಿಸಿ, 4 ಲೀಟರ್‌ಗೆ ಒಂದು ಚಮಚ ವಾಷಿಂಗ್ ಸೋಡಾ. ಒಳಗೆ ಒಂದು ಕಬ್ಬಿಣದ ಸರಳು ಟ್ಯಾಂಕಿಗೆ ತಾಗದ ಹಾಗೆ. ಚಾರ್ಜರ್‌ನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಉಲ್ಟಾ ಕೊಟ್ರೆ ಟ್ಯಾಂಕೇ ಕರಗುತ್ತೆ. ಸ್ಟೇನ್‌ಲೆಸ್ ಸರಳು ಬೇಡ, ವಿಷದ ಕ್ರೋಮಿಯಂ ಬಿಡುತ್ತೆ. ಹೈಡ್ರೋಜನ್ ಬರುತ್ತೆ, ಬಯಲಲ್ಲಿ ಮಾಡಿ.

ಅಂಬಿ_1489:
ಜಾವಾ ಬಂತು ಅಂದ್ರೆ ಚರ್ಚೆ ಮುಗೀತು ಅಂತ ಅರ್ಥ. 😄

ಎರಡು_ಸ್ಟ್ರೋಕ್:
ಮೈಸೂರಲ್ಲಿ 1961ರಿಂದ 96ರವರೆಗೆ ಮಾಡಿದ ಗಾಡಿ ಸ್ವಾಮಿ, ಎಲ್ಲಾದ್ರೂ ಒಂದು ಮಾತು ಬಂದೇ ಬರುತ್ತೆ.

ಕುಡ್ಲ_ಗ್ಯಾರೇಜ್:
ಗೇರ್ ಪ್ರಶ್ನೆ ಉಳಿದಿದೆ. ನಿಮ್ಮ ಗಾಡಿ ನಾಲ್ಕನೇ ಗೇರ್‌ನಲ್ಲಿ 1000 ಆರ್‌ಪಿಎಂಗೆ ಗಂಟೆಗೆ ಸುಮಾರು 18 ಮೈಲಿ, ಅಂದರೆ 70 ಮೈಲಿಯಲ್ಲಿ 3900 ಆರ್‌ಪಿಎಂ. ಲೇಕಾಕ್ ಓವರ್‌ಡ್ರೈವ್‌ನ ಅನುಪಾತ 0.82, ಅದೇ ವೇಗಕ್ಕೆ 3200. ನಿಮ್ಮದು ನಾಲ್ಕೂ ಗೇರ್‌ಗೆ ಸಿಂಕ್ರೊ ಇರುವ ಬಾಕ್ಸ್. ಅದೇ ಕಾಲದ ಎಲ್‌ಎಚ್ ಓವರ್‌ಡ್ರೈವ್ ಬಾಕ್ಸ್ ತಂದರೆ ಟನಲ್ ಕತ್ತರಿಸುವ ಕೆಲಸ ಇಲ್ಲ. ಮೂರು ಮತ್ತು ನಾಲ್ಕು ಎರಡರಲ್ಲೂ ಓವರ್‌ಡ್ರೈವ್ ಸಿಗುತ್ತದೆ, ಅಂದರೆ ಆರು ಗೇರ್ ಇದ್ದ ಹಾಗೆ ಆಯಿತಲ್ಲ. ಫೋರ್ಡ್ ಟೈಪ್ 9 ಅಥವಾ ಮಜ್ದಾ ಎಂಎಕ್ಸ್-5 ಐದು ಗೇರ್ ಬಾಕ್ಸ್‌ಗೆ ಕಿಟ್ ಉಂಟು, ಆದರೆ ಬೆಲ್‌ಹೌಸಿಂಗ್, ಕ್ಲಚ್ ಪ್ಲೇಟ್, ಪ್ರೊಪೆಲ್ಲರ್ ಶಾಫ್ಟ್ ಉದ್ದ ಎಲ್ಲ ಲೆಕ್ಕ ಬದಲಾಗುತ್ತದೆ.

ಸ್ಪೀಡೋಮೀಟರ್ ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಟಿಪಿಎಂ (ಮೈಲಿಗೆ ಎಷ್ಟು ಸುತ್ತು) ಸಂಖ್ಯೆ ಇದೆ, ಹೊಸ ಬಾಕ್ಸ್‌ಗೆ ಹೊಂದದಿದ್ದರೆ ವೇಗ ತಪ್ಪು ತೋರಿಸುತ್ತದೆ.

ಜೆಸಿ_ರೋಡ್_ಜಾಣ:
ಬಾಕ್ಸ್‌ಗೆ 90 ಗೇರ್ ಆಯಿಲ್ ಹಾಕಿ, ಗಟ್ಟಿ ಇರುತ್ತೆ.

ಕುಡ್ಲ_ಗ್ಯಾರೇಜ್:
ಅಯ್ಯೋ ಬೇಡ ಮಾರಾಯ್ರೆ. 90 ಹಿಂದಿನ ಆಕ್ಸಲ್‌ಗೆ. ಈ ಬಾಕ್ಸ್‌ಗೂ ಓವರ್‌ಡ್ರೈವ್‌ಗೂ ಒಂದೇ ಎಣ್ಣೆ, ಎಂಜಿನ್‌ಗೆ ಹಾಕುವ 20ಡಬ್ಲ್ಯೂ-50. ಓವರ್‌ಡ್ರೈವ್ ಒಳಗೆ ಕೋನ್ ಕ್ಲಚ್ ಉಂಟು, 90 ಥರದ ಇಪಿ ಗೇರ್ ಆಯಿಲ್‌ನಲ್ಲಿ ಜಾರುತ್ತದೆ.

ಹುಬ್ಳಿ_ಸ್ಪ್ಯಾನರ್:
ಎಂಜಿನ್ ಹೊರಗ ಬಂದಾಗ ಕ್ಲಚ್ ಮೂರೂ ತುಣುಕು ಬದಲಿ ಮಾಡ್ರಿ. ರಿಲೀಸ್ ಬೇರಿಂಗ್ ಕಾರ್ಬನ್ನಿಂದು ಐತಿ, ಪೆಡಲ್ ಮ್ಯಾಲೆ ಕಾಲಿಟ್ಟು ಸಿಗ್ನಲ್‌ನ್ಯಾಗ ಕುಂತ್ರ ಅರದು ಹೋಗತೈತಿ. ಮುಂದಿನ ಕಿಂಗ್‌ಪಿನ್‌ಗೂ ಗ್ರೀಸ್ ಹೊಡೀರಿ, ಒಂದೊಂದು ಕಡೆ ಮೂರು ನಿಪ್ಪಲ್. ಗಾಡಿ ಭಾರ ಇಳಿಸಿ, ಚಕ್ರ ತೂಗಾಡಿಸಿ ಹೊಡದ್ರನ ಗ್ರೀಸ್ ಒಳಗ ಹೋಗೂದು. ಟೆಲಿಸ್ಕೋಪಿಕ್ ಶಾಕ್ ಹಾಕ್ತೀನಿ ಅಂತ ಮುಂದಿನ ಲಿವರ್ ಶಾಕ್ ಕಿತ್ತೊಗಿಯಬ್ಯಾಡ್ರಿ, ಅದರ ತೋಳ ಮ್ಯಾಲಿನ ಸಸ್ಪೆನ್ಷನ್ ತೋಳು.

ಒಹಾಯೋ_ರಬ್ಬರ್_ಬಂಪರ್:
ಬ್ರೇಕ್ ಫ್ಲೂಯಿಡ್ ಹೊಸದು ಹಾಕುವಾಗ ಡಾಟ್ 5 ಹಾಕಿ, ಪೇಂಟ್ ತಿನ್ನಲ್ಲ. 5.1 ಸಿಕ್ರೂ ಅದೇ.

ತುಕ್ಕು_ತಿಮ್ಮ:
ಅದೇ ಅಲ್ಲ! ಡಾಟ್ 5 ಸಿಲಿಕಾನ್. 5.1 ಗ್ಲೈಕಾಲ್, ಡಾಟ್ 4ರ ಜಾತಿ, ಪೇಂಟ್ ತಿನ್ನುತ್ತೆ. ಸಿಲಿಕಾನ್ ಹಾಕ್ಬೇಕಾದ್ರೆ ಹಳೇದು ಒಂದು ಹನಿಯೂ ಇರಬಾರದು, ಸೀಲ್ ಎಲ್ಲ ಹೊಸದು ಬೇಕು. ಮನೆ ಕೆಲಸಕ್ಕೆ ಡಾಟ್ 4, ಎರಡು ವರ್ಷಕ್ಕೊಮ್ಮೆ ಬದಲಿ.

ಒಹಾಯೋ_ರಬ್ಬರ್_ಬಂಪರ್:
ತಪ್ಪಾಯ್ತು, ತಿದ್ದಿದ್ದಕ್ಕೆ ಥ್ಯಾಂಕ್ಸ್.

ಸೈಡ್‌ಡ್ರಾಫ್ಟ್_ಸೀನ:
ಪೆಟ್ರೋಲ್ ಹೋಸ್‌ಗಳನ್ನ ಮರೀಬೇಡಿ. ಇಂಗ್ಲೆಂಡಲ್ಲಿ 2021ರಿಂದ ಸಾಮಾನ್ಯ ಪೆಟ್ರೋಲಲ್ಲಿ 10%ವರೆಗೆ ಎಥನಾಲ್, ಹಳೇ ರಬ್ಬರ್ ಒಳಗಿಂದ ಬಿರಿಯುತ್ತೆ. ಆರ್9 ಅಂತ ಅಚ್ಚು ಇರೋ ಹೋಸ್ ಹಾಕಿ, ಫ್ಲೋಟ್ ಸೂಜಿ ವೈಟಾನ್ ತುದಿದು. ಸೂಪರ್ ದರ್ಜೆಯ ಇ5 ಸಿಕ್ಕರೆ ಅದನ್ನೇ ತುಂಬಿ. ಹೆಡ್ ಹೇಗೂ ಬಿಚ್ಚಿದ್ರೆ ಎಗ್ಸಾಸ್ಟ್ ವಾಲ್ವ್‌ಗೆ ಗಟ್ಟಿ ಸೀಟ್ ಕೂರಿಸಿ, ಸೀಸ ಇಲ್ಲದ ಪೆಟ್ರೋಲ್‌ಗೆ ಹಳೇ ಸೀಟ್ ಸವೆದು ಟ್ಯಾಪೆಟ್ ಸಂದು ಮುಚ್ಚಿಕೊಳ್ತಾ ಬರುತ್ತೆ.

ಜೆಸಿ_ರೋಡ್_ಜಾಣ:
ಊರಿಗೆ ತಂದ್ರೆ ವಿಂಟೇಜ್ ಗಾಡಿಯ ವಿಎ ನಂಬರ್ ಸಿಗುತ್ತಾ?

ಅಂಬಿ_1489:
ತರೋದು ಬೇರೆ ತಲೆನೋವು. ವಿಂಟೇಜ್ ನೋಂದಣಿ ನಿಯಮ 2021ರದ್ದು: 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಎಂಜಿನ್ ಬದಲಾಯಿಸಿ ಆಮೇಲೆ ವಿಎ ಕೇಳಿದ್ರೆ ಕಷ್ಟ. ಓವರ್‌ಡ್ರೈವ್ ಹಾಕಿದ್ರೂ ಹಳೇ ಬಾಕ್ಸ್ ಮಾರಬೇಡಿ ಅನ್ನೋದು ಅದಕ್ಕೇ.

ಕವೆಂಟ್ರಿ_ಕನ್ನಡಿಗ:
ಬಣ್ಣ ನಾನೇ ಹೊಡೀಲಾ? ಟೂಕೆ ಪೇಂಟ್ (ಗಟ್ಟಿಕಾರಕ ಬೆರೆಸಿ ಹೊಡೆಯೋದು), ಕಾರ್ಬನ್ ಮಾಸ್ಕ್ ಇದೆ.

ತುಕ್ಕು_ತಿಮ್ಮ:
ಬೇಡ. ಟೂಕೆ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತೆ, ಕಾರ್ಬನ್ ಮಾಸ್ಕ್ ನಂಬಿ ಹೊಡೆಯೋ ಪದಾರ್ಥ ಅಲ್ಲ. ಹೊರಗಿನ ಶುದ್ಧ ಗಾಳಿ ಪೈಪಲ್ಲಿ ಬರೋ ಮಾಸ್ಕ್ ಬೇಕು. ಮನೆಗೆ ಅಂಟಿದ ಗ್ಯಾರೇಜಲ್ಲಂತೂ ಬೇಡವೇ ಬೇಡ. ಪ್ರೈಮರ್‌ವರೆಗೆ ನೀವು ತನ್ನಿ, ಮೇಲಿನದು ಬೂತ್‌ನವರಿಗೆ ಬಿಡಿ. ಬಣ್ಣ ಒಣಗಿದ ಮೇಲೆ ಸಿಲ್ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್. ಮೊದಲೇ ಹೊಡೆದ್ರೆ ಬೂತ್ ಬಿಸಿಗೆ ಮೇಣ ಕರಗಿ ಸಂದಿನಿಂದ ಹರಿದು ಬಣ್ಣ ಕೆಡಿಸುತ್ತೆ. ಸಿಲ್ ಕೆಳಗಿನ ನೀರಿಳಿಯೋ ತೂತುಗಳಿಗೆ ಕಡ್ಡಿ ಹಾಕಿ ನೋಡಿ, ಮೇಣ ಮುಚ್ಚಿರುತ್ತೆ.

ಕವೆಂಟ್ರಿ_ಕನ್ನಡಿಗ:
ಇವತ್ತು ಅಳೆದೆ. ಎಡ ಬಾಗಿಲ ಹಿಂದಿನ ಸಂದು ಮೇಲೆ 2 ಮಿಮೀ, ಕೆಳಗೆ 7. ಬಲ ಬಾಗಿಲು ಮೇಲೆ 4, ಕೆಳಗೆ 5. ಎಡಗಡೆ ನಡು ಜಗ್ಗಿದೆ ಅಂತಾಯ್ತು. ಬ್ರೇಸ್‌ನಲ್ಲಿ ಮೇಲ್ಗಡೆ 2 ಮಿಮೀ ತಳ್ಳಿ ಕತ್ತರಿಸೋಕೆ ಶುರು ಮಾಡ್ಲಾ?

ತುಕ್ಕು_ತಿಮ್ಮ:
ನಿಲ್ಲಿ. ಬಾಗಿಲು ತೆರೆದು ತುದಿ ಹಿಡಿದು ಮೇಲಕ್ಕೆ ಎತ್ತಿ. ಆಡುತ್ತಾ?

ಕವೆಂಟ್ರಿ_ಕನ್ನಡಿಗ:
ತುದೀಲಿ ಒಂದು 5 ಮಿಮೀ ಆಡುತ್ತೆ. ಬಲಗಡೆ ಆಡಲ್ಲ.

ತುಕ್ಕು_ತಿಮ್ಮ:
ಹಾಗಾದ್ರೆ ಆ ಅಳತೆ ಒರೆಸಿ. ಹಿಂಜ್ ಸವೆದು ಬಾಗಿಲ ತುದಿ ಇಳಿದ್ರೂ ಮೇಲಿನ ಸಂದು ಕಿರಿದಾಗಿ ಕೆಳಗಿನದು ಅಗಲ ಆಗುತ್ತೆ, ನಡು ಜಗ್ಗಿದ ಗಾಡಿ ಥರಾನೇ ಕಾಣುತ್ತೆ. ಈಗ ಬ್ರೇಸ್‌ನಲ್ಲಿ ತಳ್ಳಿದ್ರೆ ನೆಟ್ಟಗಿರೋ ಬಾಡಿಯನ್ನ ಸೊಟ್ಟ ಮಾಡಿ ಅದರ ಮೇಲೇ ಹೊಸ ಸಿಲ್ ಬೆಸೆದ ಹಾಗೆ. ಎಡಗಡೆ ಎರಡೂ ಹಿಂಜ್ ಬದಲಿಸಿ, ನಾಲ್ಕು ಚಕ್ರದ ಮೇಲೆ ಇಳಿಸಿ, ಸ್ವಲ್ಪ ಮುಂದೆ ಹಿಂದೆ ತಳ್ಳಿ ಸಸ್ಪೆನ್ಷನ್ ಕೂತ ಮೇಲೆ ಮತ್ತೆ ಅಳೀರಿ.

ಹುಬ್ಳಿ_ಸ್ಪ್ಯಾನರ್:
ಹಿಂಜಿನ ಸ್ಕ್ರೂ ದೊಡ್ಡ ಪ್ಲಸ್ ತಲಿದು ಇರತಾವ್ರಿ. ಬರೀ ಕೈಲೆ ತಿರುವಾಕ ಹೋದ್ರ ತಲಿ ಸವೀತೈತಿ. ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗಿ ಹೊಡೀರಿ.

ಕವೆಂಟ್ರಿ_ಕನ್ನಡಿಗ:
ಆಯ್ತು. ಗೋಡೆ ಮೇಲಿನದು ಒರೆಸಿದೆ.